ಕೈಗೆ ಎಟುಕುವ ಮನೆ

ಮಾತಾಡುತ್ತಿರುವವರು ಮೂವರು. ಒಬ್ಬರು ತುಮಕೂರಿನ ಬಾಡಿಗೆ ಮನೆಯಲ್ಲಿರುವ, ಐದು ವರ್ಷದ ಮಗಳು ಮತ್ತು ಎರಡು ವರ್ಷದ ಮಗನ ತಾಯಿ. ಇನ್ನೊಬ್ಬರು ಗುಬ್ಬಿಯ ಕಡೆ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನಡೆಸಿ ನಿವೃತ್ತರಾದ ಟೀಚರ್. ಮೂರನೆಯವರು ಕುಣಿಗಲ್‌ನಲ್ಲಿ ಮರಗೆಲಸ ಮಾಡುವವರು. ಅವರವರ ಊರಿನ ಹೆಸರಲ್ಲೇ ಅವರನ್ನು ಕರೆಯೋಣ.

ತುಮಕೂರು: ನೇರವಾಗಿ ಕೇಳಿಬಿಡ್ತೀನಿ. ನನ್ನ ಕೈಲಿರೋದು ಐದು ಸಾವಿರ ರೂಪಾಯಿ. ಒಂದು ಹಾಲು, ಒಂದು ರೂಮು, ಅಡುಗೆಮನೆ. ಗೋಡೆಗೆ ಮೊಳೆ ಹೊಡೀಬಾರದು ಅಂತ ಓನರ್ ಮೊದಲೇ ಹೇಳಿದಾರೆ. 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ಐಕಿಯಾ ಶುರುವಾಯ್ತಲ್ಲ, ನಮ್ಮ ತುಮಕೂರು ರಸ್ತೆ ಮೇಲೇ, ಅಲ್ಲಿಗೆ ಹೋಗಿದ್ದೆ. ಮಕ್ಕಳ ರೂಮು ಜೋಡಿಸಿರೋದು ನೋಡಿ ಆಸೆ ಆಯ್ತು. ಮನೆಗೆ ಬಂದು ಬಾಗಿಲು ತೆಗೆದ್ರೆ ಕಾಲಿಟ್ಟ ಕಡೆಯೆಲ್ಲಾ ಆಟದ ಸಾಮಾನು. ಈ ದುಡ್ಡಲ್ಲಿ ಮೊದಲು ಏನು ಕೊಳ್ಳಲಿ?

ಗುಬ್ಬಿ: ಈ ವಾರ ಏನೂ ಕೊಳ್ಳಬೇಡಮ್ಮ. ಹಾಲಿನ ಮಧ್ಯೆ ನೆಲದ ಮೇಲೆ ಕೂತ್ಕೊ. ನಿನ್ನ ಮಗನ ಕಣ್ಣು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿರುತ್ತೆ. ಅಲ್ಲಿಂದ ಮನೆ ನೋಡಿ, ಏನೇನು ಕಾಣುತ್ತೆ ಅಂತ ಹೇಳು.

ತುಮಕೂರು: ಸೋಫಾದ ಕೈ, ಟೀವಿಯ ವೈರು, ಕಡಪ ಕಲ್ಲಿನ ಶೆಲ್ಫಿನ ಅಂಚು. ಅವನ ಸಾಮಾನು ಒಂದೂ ಕಾಣಲ್ಲ. ಬಟ್ಟೆ ಬೀರುವಲ್ಲಿದೆ, ಚಿತ್ರದ ಪುಸ್ತಕ ಶೋಕೇಸಿನ ಮೇಲಿನ ಅರೇಲಿದೆ, ಆಟದ ಸಾಮಾನು ಸಜ್ಜಾ ಮೇಲಿನ ಚೀಲದಲ್ಲಿದೆ.

ಗುಬ್ಬಿ: ಹಾಗಾದ್ರೆ ಅವನಿಗೆ ಏನು ಬೇಕಾದರೂ ನಿನ್ನನ್ನೇ ಕರೀಬೇಕು. ತೆಗೆದುಕೊಡೋದೂ ನೀನೇ, ಎತ್ತಿಡೋದೂ ನೀನೇ. ನಾನು ಶಾಲೆಯಲ್ಲಿ ಕಂಡುಕೊಂಡ ವಿಷಯ ಒಂದಿದೆ: ಯಾವ ಸಾಮಾನು ಯಾರ ಕೈಗೆ ಎಟುಕುತ್ತೋ ಆ ಸಾಮಾನಿನ ಕೆಲಸ ಅವರದಾಗುತ್ತೆ. ಚಿಕ್ಕ ಮಕ್ಕಳಿರೋ ಮನೆಯಲ್ಲಿ ಎಲ್ಲವನ್ನೂ ಅಮ್ಮನ ಕೈ ಎತ್ತರಕ್ಕೆ ಜೋಡಿಸಿದರೆ ಎಷ್ಟು ದುಡ್ಡು ಸುರಿದರೂ ಆ ಮನೆ ಸಂಜೆ ಹೊತ್ತಿಗೆ ಕೆದರಿಕೊಂಡೇ ಇರುತ್ತೆ.

ತುಮಕೂರು: ಕೆಳಗಿಟ್ಟರೆ ಎಲ್ಲಾ ಎಳೆದು ಹಾಕ್ತಾನೆ, ಟೀಚರ್. ಒಂದು ದೊಡ್ಡ ಬುಟ್ಟಿ ತಂದು ಎಲ್ಲಾ ಆಟದ ಸಾಮಾನು ಅದರಲ್ಲಿ ಹಾಕಿ ನೋಡಿದೀನಿ. ತಳದಲ್ಲಿರೋ ಒಂದು ಕಾರಿಗೋಸ್ಕರ ಇಡೀ ಬುಟ್ಟಿ ಬೋರಲು ಹಾಕ್ತಾನೆ.

ಗುಬ್ಬಿ: ಅದು ಬುಟ್ಟಿಯ ತಪ್ಪು. ಆಳವಾದ ಬುಟ್ಟಿಯಲ್ಲಿ ಮೇಲಿನದು ಮಾತ್ರ ಕಾಣುತ್ತೆ, ಮಗು ಕಾಣದ್ದನ್ನು ಹುಡುಕೋಕೆ ಸುರಿಯಲೇಬೇಕು. ನಮ್ಮ ನಲಿ-ಕಲಿ ಕೋಣೆ ಹೇಗಿರುತ್ತೆ ಅಂತ ಹೇಳ್ತೀನಿ ಕೇಳು. ನಿನ್ನ ಮಗಳು ಮುಂದಿನ ವರ್ಷ ಸರ್ಕಾರಿ ಶಾಲೆಗೆ ಸೇರಿದರೆ ಕಣ್ಣಾರೆ ನೋಡ್ತೀಯ. ಅದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ನಡೀತಿದ್ದ ಪದ್ಧತಿ ನೋಡಿಕೊಂಡು ಬಂದು ನಮ್ಮ ನೆಲಕ್ಕೆ ಹೊಂದಿಸಿದರು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲಾ ಬಂತು. ಪಾಠದ ವಿಷಯ ಇರಲಿ, ಕೋಣೆ ಜೋಡಿಸಿರೋ ರೀತಿ ನೋಡು. ಮಕ್ಕಳು ನೆಲದ ಮೇಲೆ ದುಂಡಗೆ ಕೂರ್ತಾರೆ. ಕಲಿಕೆಯ ಕಾರ್ಡುಗಳು ತಟ್ಟೆಗಳಲ್ಲಿ, ಕೈಗೆ ಸಿಗೋ ಹಾಗೆ. ಕಾರ್ಡಿನ ಮೇಲೆ ಪ್ರಾಣಿಯದೋ ಪಕ್ಷಿಯದೋ ಚಿತ್ರದ ಗುರುತು. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲೂ ಅದೇ ಗುರುತು. ಓದೋಕೆ ಬಾರದ ಒಂದನೇ ಕ್ಲಾಸಿನ ಮಗು ಏಣಿ ನೋಡಿ, ಚಿತ್ರ ಹೊಂದಿಸಿ, ತನ್ನ ಕಾರ್ಡು ತಾನೇ ತರುತ್ತೆ, ಮುಗಿದ ಮೇಲೆ ತಾನೇ ಇಡುತ್ತೆ.

ಕುಣಿಗಲ್: ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು ಒಂದೊಂದು ಮಗುವಿಗೂ ಒಂದೊಂದು ಮನೆ ಹಾಕಿರ್ತಾರಲ್ಲ ಟೀಚರ್, ಅದೂ ಚೆನ್ನಾಗಿರುತ್ತೆ.

ಗುಬ್ಬಿ: ಹೌದು, ಗೋಡೆ ಹಲಗೆ. ತಲೆ ಮೇಲೆ ದಾರ ಕಟ್ಟಿ ಮಕ್ಕಳು ಬರೆದ ಚಿತ್ರ, ಮಾಡಿದ ಕಾಗದದ ಹೂವು ನೇತುಹಾಕೋದಕ್ಕೆ ಚಪ್ಪರ ಅಂತೀವಿ. ಮಕ್ಕಳ ಕೋಣೆ ಹೇಗಿರಬೇಕು ಅನ್ನೋದಕ್ಕೆ ನಮ್ಮ ಸರ್ಕಾರಿ ಶಾಲೆಯಲ್ಲೇ ಮಾದರಿ ಇದೆ. ದಾರ, ರಟ್ಟು, ತಟ್ಟೆ, ಒಂದಿಷ್ಟು ಕಪ್ಪು ಬಣ್ಣ. ಇಷ್ಟೇ ಅದರ ಬಂಡವಾಳ.

ತುಮಕೂರು: ಮಾಂಟೆಸ್ಸರಿ ಶಾಲೆಗಳಲ್ಲೂ ಹೀಗೇ ಗಿಡ್ಡ ಶೆಲ್ಫು ಇಟ್ಟಿರ್ತಾರೆ. ಅದು ದುಡ್ಡಿದ್ದವರ ಶಾಲೆ ಅಂದ್ಕೊಂಡಿದ್ದೆ.

ಗುಬ್ಬಿ: ಹುಟ್ಟಿದ್ದು ಬಡವರ ಕೇರಿಯಲ್ಲಮ್ಮ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಅನ್ನೋ ಕೂಲಿಕಾರರ ವಠಾರದಲ್ಲಿ ಮೊದಲ ಮಕ್ಕಳ ಮನೆ ತೆರೆದರು. ದಿನವಿಡೀ ಅಪ್ಪ ಅಮ್ಮ ದುಡಿಮೆಗೆ ಹೋದ ಮನೆಗಳ ಮಕ್ಕಳು ಅವು. ಅಲ್ಲಿಗೆ ಅವರು ತಂದ ದೊಡ್ಡ ಬದಲಾವಣೆ ಅಂದ್ರೆ ಮಗುವಿನ ಅಳತೆಯ ಕುರ್ಚಿ, ಮೇಜು, ಮಗುವೇ ತೆಗೆದು ಇಡಬಹುದಾದ ಗಿಡ್ಡ ಕಪಾಟು. 1939ರಲ್ಲಿ ಅವರು ಮದರಾಸಿಗೆ ಬಂದು, ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲೇ ಕಳೆದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಗಿಡ್ಡ ಕಪಾಟು ಶ್ರೀಮಂತಿಕೆಯ ಗುರುತಾಗಿದ್ದು ಆಮೇಲೆ.

ತುಮಕೂರು: ಸರಿ, ಗಿಡ್ಡ ಕಪಾಟು ಬೇಕು ಅಂತಾಯ್ತು. ಎಲ್ಲಿಂದ ತರಲಿ?

ಕುಣಿಗಲ್: ಹಣ್ಣಿನ ಅಂಗಡಿಯವರ ಹತ್ತಿರ ಮರದ ಪೆಟ್ಟಿಗೆ ಕೇಳಿ. ಈಗ ರಟ್ಟಿನ ಡಬ್ಬ ಹೆಚ್ಚಾಗಿದೆ, ಆದರೂ ಅಂತರಸನಹಳ್ಳಿ ಮಾರುಕಟ್ಟೆ ಕಡೆ ವಿಚಾರಿಸಿದರೆ ಮರದ್ದು ಸಿಗುತ್ತೆ. ಮೂರು ಪೆಟ್ಟಿಗೆ ತಂದು ಬಾಯಿ ಮುಂದಕ್ಕೆ ಬರೋ ಹಾಗೆ ಅಡ್ಡ ಮಲಗಿಸಿ, ಪಕ್ಕ ಪಕ್ಕ ಜೋಡಿಸಿ ಸ್ಕ್ರೂ ಹಾಕಿ. ಒಂದರ ಮೇಲೊಂದು ಪೇರಿಸಬೇಡಿ. ಉದ್ದವಾಗಿ, ಗಿಡ್ಡವಾಗಿ ನೆಲಕ್ಕೆ ಕೂತಿದ್ದರೆ ಮಗು ಹತ್ತಿದರೂ ಉರುಳಲ್ಲ, ಗೋಡೆಗೆ ಮೊಳೆಯೂ ಬೇಡ.

ತುಮಕೂರು: ಆ ಪೆಟ್ಟಿಗೆ ತುಂಬಾ ಸಿಬಿರು ಇರುತ್ತಲ್ಲ?

ಕುಣಿಗಲ್: ಇರುತ್ತೆ, ಅದಕ್ಕೇ ತಯಾರಿ ಮುಖ್ಯ. ಮೊದಲು ಪೆಟ್ಟಿಗೆ ತಿರುಗಿಸಿ ತಿರುಗಿಸಿ ಮೊಳೆ ನೋಡಬೇಕು. ತುದಿ ಹೊರಗೆ ಬಂದಿದ್ದರೆ ಇಕ್ಕಳದಲ್ಲಿ ಎಳೆದು ತೆಗೀರಿ. ಮಡಚಿ ಹೊಡೆದರೆ ಒಂದು ದಿನ ಮತ್ತೆ ಎದ್ದು ಬರುತ್ತೆ. ಆಮೇಲೆ 80ನೇ ನಂಬರಿನ ಉಪ್ಪು ಕಾಗದದಲ್ಲಿ ಒಂದು ಸಲ, 120ರಲ್ಲಿ ಇನ್ನೊಂದು ಸಲ, ಎಳೆ ಹೋಗೋ ದಿಕ್ಕಿಗೇ ಉಜ್ಜಬೇಕು. ಉಜ್ಜಿ ಆದ ಮೇಲೆ ಬರೀ ಕೈಲಿ ಸವರಿ ನೋಡಿದರೆ ಸಾಲದು. ನಮ್ಮ ಕೈ ಕೆಲಸ ಮಾಡಿ ಮಾಡಿ ಒರಟಾಗಿರುತ್ತೆ, ಸಣ್ಣ ಸಿಬಿರು ಗೊತ್ತೇ ಆಗಲ್ಲ. ಹಳೇ ನೈಲಾನ್ ಕಾಲುಚೀಲ ಕೈಗೆ ಹಾಕ್ಕೊಂಡು ಮರದ ಮೇಲೆ ನಿಧಾನಕ್ಕೆ ಎಳೀರಿ. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತೋ ಅಲ್ಲಿ ಸಿಬಿರಿದೆ. ಅಲ್ಲಿ ಮತ್ತೆ ಉಜ್ಜಿ. ಕಾಲುಚೀಲ ಎಲ್ಲೂ ನಿಲ್ಲದೆ ಜಾರಿದ ಮೇಲೆ ಬಣ್ಣ.

ತುಮಕೂರು: ಯಾವ ಬಣ್ಣ? ಮಗ ಕಂಡಿದ್ದನ್ನೆಲ್ಲಾ ಬಾಯಿಗೆ ಹಾಕ್ತಾನೆ.

ಕುಣಿಗಲ್: ನೀರಲ್ಲಿ ಕಲೆಸೋ ಬಣ್ಣ ತಗೊಳ್ಳಿ, ಡಬ್ಬದ ಮೇಲೆ ಸೀಸದ ಪ್ರಮಾಣ ಬರೆದಿರೋದು ನೋಡಿ. ಮನೆಗೆ ಬಳಿಯೋ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಅಂತ 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಹಾಗಾಗಿ ಅಂಗಡಿಯ ಮೂಲೆಯಲ್ಲಿ ಉಳಿದಿರೋ ಓಬೀರಾಯನ ಕಾಲದ ಡಬ್ಬ ಅಗ್ಗಕ್ಕೆ ಕೊಟ್ಟರೂ ಬೇಡ. ಹಳೇ ಮನೆಯ ಬಾಗಿಲು, ಕಿಟಕಿಯ ಬಣ್ಣ ಸಿಪ್ಪೆ ಏಳ್ತಿದ್ದರೆ ಮಕ್ಕಳು ಮನೇಲಿರುವಾಗ ಒಣಗಿದ್ದನ್ನೇ ಉಜ್ಜಬೇಡಿ. ಆ ಪುಡೀಲಿ ಸೀಸ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೀರಿ.

ಗುಬ್ಬಿ: ಪೆಟ್ಟಿಗೆ ಸಿದ್ಧವಾಯ್ತು. ಒಳಗೆ ಏನಿಡಬೇಕು ಅಂತ ನಾನು ಹೇಳ್ತೀನಿ. ಒಂದು ಗೂಡಿಗೆ ಒಂದು ಜಾತಿ. ಒಂದರಲ್ಲಿ ಪುಸ್ತಕ, ಮುಖಪುಟ ಕಾಣೋ ಹಾಗೆ. ಒಂದರಲ್ಲಿ ಗೊಂಬೆ, ಗಾಡಿ. ಇನ್ನೊಂದರಲ್ಲಿ ಬಳಪ, ಕಾಗದ. ಸಣ್ಣ ಸಣ್ಣ ಸಾಮಾನಿಗೆ ಆಳವಿಲ್ಲದ ತಟ್ಟೆ ಬೇಕು. ನಮ್ಮ ಗುಬ್ಬಿ ಕಡೆ ತೋಟಗಳಲ್ಲಿ ಅಡಿಕೆ ಹಾಳೆಗೆ ಬರವೇ? ಹಾಳೆ ತಟ್ಟೆ ನಾಲ್ಕು ತಗೊಂಡು ಬಳಪಕ್ಕೆ ಒಂದು, ಮರದ ತುಂಡಿಗೆ ಒಂದು ಅಂತ ಇಡು. ಮಗ ಅದನ್ನು ಕಚ್ಚೋ ವಯಸ್ಸು ದಾಟೋವರೆಗೆ ಅವನ ಗೂಡಿಗೆ ಸ್ಟೀಲ್ ತಟ್ಟೆ ಹಾಕು. ಪ್ರತಿ ಗೂಡಿನ ಅಂಚಿಗೆ ಚಿತ್ರ ಅಂಟಿಸು. ಆ ಚಿತ್ರವನ್ನ ಮಗಳ ಕೈಲೇ ಬರೆಸು, ಅವಳೇ ತಮ್ಮನಿಗೆ ಪಾಠ ಹೇಳ್ತಾಳೆ.

ತುಮಕೂರು: ಆಟದ ಸಾಮಾನು ಮೂರು ಗೂಡಿಗೆ ಹಿಡಿಸಲ್ಲ.

ಗುಬ್ಬಿ: ಹಿಡಿಸೋಷ್ಟೇ ಹೊರಗಿಡು. ಮಿಕ್ಕಿದ್ದು ಸಜ್ಜಾ ಮೇಲಿರಲಿ. ಹದಿನೈದು ದಿನಕ್ಕೊಮ್ಮೆ ಅದಲುಬದಲು ಮಾಡು. ಮರೆತಿದ್ದ ಆಟಿಕೆ ಕೆಳಗಿಳಿದಾಗ ಮಕ್ಕಳಿಗೆ ಹೊಸದು ಬಂದಷ್ಟೇ ಖುಷಿ. ಮುರಿದಿದ್ದು, ಚಕ್ರ ಕಳಚಿದ್ದು ಯಾವುದನ್ನೂ ಉಳಿಸ್ಕೋಬೇಡ.

ಕುಣಿಗಲ್: ಹೊಸದು ಕೊಡಿಸೋದಾದ್ರೆ ಹತ್ತು ಪ್ಲಾಸ್ಟಿಕ್ ಬದಲು ಒಂದು ಚನ್ನಪಟ್ಟಣದ್ದು ಕೊಡಿಸಿ. ಆಲೆ ಮರವನ್ನ ಕಡೆದು, ತಿರುಗ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಮಾಡೋ ಆಟಿಕೆ. ಬಿದ್ದರೆ ಒಡೆಯಲ್ಲ. ಗೂಡಿನಲ್ಲಿಟ್ಟರೆ ಅದೇ ಮನೆಗೆ ಅಲಂಕಾರ.

ತುಮಕೂರು: ನೀವು ಎಲ್ಲಾ ಕೆಳಗಿಡಿ ಅಂತೀರಿ. ನನಗೆ ಭಯ ಆಗೋದು ಅದೇ.

ಗುಬ್ಬಿ: ಮಗುವಿನದು ಕೆಳಗೆ ಅಂದೆ. ಮಗುವಿಗೆ ಕೆಡುಕಾಗೋದು ಮೇಲೆ. ನಮ್ಮ ಹಳೇ ತೊಟ್ಟಿಮನೆಗಳಲ್ಲಿ ಇದು ಚೆನ್ನಾಗಿ ಗೊತ್ತಿತ್ತು. ಉಂಡೆ ಕೊಬ್ಬರಿಗೆ ಅಂತ ತೆಂಗಿನಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗ್ತಿತ್ತು. ಹಾಲು ಮೊಸರು ನೆಲುವಿನಲ್ಲಿ ತೂಗ್ತಿತ್ತು, ಬೆಕ್ಕಿಗೂ ಎಟುಕದು, ಮಕ್ಕಳಿಗೂ ಎಟುಕದು. ಗೋಡೆಯ ಗೂಡಿನಲ್ಲಿ ದೀಪ, ಗೂಟದಲ್ಲಿ ಅಂಗಿ. ಕೆಳಗೆ ನೆಲ ಬರಿದಾಗಿರ್ತಿತ್ತು, ಚಾಪೆ ಹಾಸಿದರೆ ಊಟದ ಮನೆ, ಸುತ್ತಿಟ್ಟರೆ ಆಟದ ಬಯಲು. ಈಗ ನೆಲದ ತುಂಬಾ ಸೋಫಾ, ಟೀಪಾಯಿ ತುಂಬಿ ಮಕ್ಕಳಿಗೆ ಜಾಗ ಇಲ್ಲದ ಹಾಗೆ ಮಾಡಿಕೊಂಡಿದೀವಿ. ನಿನ್ನ ಮನೆಯ ಟೀಪಾಯಿ ಗಾಜಿನದೇನಾ?

ತುಮಕೂರು: ಗಾಜಿನದೇ. ಮದುವೆಗೆ ಬಂದಿದ್ದು.

ಗುಬ್ಬಿ: ಐದಾರು ವರ್ಷ ಯಾರ ಮನೆಗಾದರೂ ಕಳಿಸಿಬಿಡು. ಹಾಲಿಗೆ ನೀನು ಮಾಡೋ ಮೊದಲ ಅಲಂಕಾರ ಅದು, ಕಾಸಿನ ಖರ್ಚಿಲ್ಲ.

ಕುಣಿಗಲ್: ಮೇಲಕ್ಕೆ ಹೋಗಬೇಕಾದ್ದರ ಪಟ್ಟಿ ಸರಿಯಾಗಿ ಮಾಡ್ಕೊಳ್ಳಿ. ಫಿನಾಯಿಲು, ಆಸಿಡ್ಡು, ಸೀಮೆಎಣ್ಣೆ. ಇವನ್ನ ಜ್ಯೂಸಿನ ಬಾಟಲಿಗೆ ಬಗ್ಗಿಸಿಡೋ ಅಭ್ಯಾಸ ಎಷ್ಟೋ ಮನೇಲಿದೆ. ಮಗುವಿಗೆ ಅದು ಜ್ಯೂಸೇ. ರಿಮೋಟು, ಆಟಿಕೆಗಳಲ್ಲಿರೋ ಗುಂಡಿಯಂಥ ಸಣ್ಣ ಬ್ಯಾಟರಿ ಇನ್ನೊಂದು. ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅನ್ನನಾಳ ಸುಡೋಕೆ ಶುರುವಾಗುತ್ತೆ. ನುಂಗಿರಬಹುದು ಅನ್ನೋ ಅನುಮಾನ ಬಂದರೂ ಸಾಕು, ಸೀದಾ ಆಸ್ಪತ್ರೆಗೆ ಓಡಬೇಕು.

ಗುಬ್ಬಿ: ಬಟ್ಟೆ ಮಧ್ಯೆ ಹಾಕೋ ನುಸಿಗುಳಿಗೆಯನ್ನೂ ಸೇರಿಸು. ನೋಡೋಕೆ ಪೆಪ್ಪರ್‌ಮೆಂಟಿನ ಹಾಗಿರುತ್ತೆ. ಹುಟ್ಟಿನಿಂದ ಒಂದು ಕಿಣ್ವದ ಕೊರತೆ ಇರೋ ಮಕ್ಕಳಿಗೆ ಅದರ ನಾಫ್ತಲೀನ್‌ನಿಂದ ರಕ್ತದ ಕೆಂಪು ಕಣಗಳೇ ಒಡೆದು ಕಾಮಾಲೆ ಬರಬಹುದು. ಕೂಸಿನ ಬಟ್ಟೆಗೆ ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು ಹಾಕು, ಆಗಾಗ ಬಿಸಿಲಿಗೆ ಹಾಕು. ನಮ್ಮ ಜಿಲ್ಲೆಯಲ್ಲಿ ಬಿಸಿಲಿಗೇನು ಕಮ್ಮಿ.

ತುಮಕೂರು: ನೀರಿನ ಡ್ರಮ್ಮು? ಬುಗುಡನಹಳ್ಳಿ ಕೆರೆಯ ಹೇಮಾವತಿ ನೀರು ನಮ್ಮ ಬೀದಿಗೆ ದಿನಾ ಬರಲ್ಲ. ಎರಡು ಡ್ರಮ್ಮು, ನಾಲ್ಕು ಬಕೆಟ್ಟು ತುಂಬಿಟ್ಕೊಂಡಿರ್ತೀನಿ.

ಕುಣಿಗಲ್: ನೀವು ಮೊದಲು ಸರಿ ಮಾಡಬೇಕಾದ್ದು ಅದೇ. ಡ್ರಮ್ಮಿಗಿಂತ ಬಕೆಟ್ಟು ಅಪಾಯ. ಚಿಕ್ಕ ಮಕ್ಕಳಿಗೆ ಮೈಯ ಅಳತೆಗೆ ತಲೆ ಭಾರ ಹೆಚ್ಚು. ಬಗ್ಗಿ ತಲೆಕೆಳಗಾಗಿ ಬಿದ್ದರೆ ಅರ್ಧ ಬಕೆಟ್ ನೀರಲ್ಲೂ ಮೇಲೇಳೋಕೆ ಆಗಲ್ಲ, ಕೂಗೋಕೂ ಆಗಲ್ಲ. ನೀರೆಲ್ಲಾ ಬಿಗಿ ಮುಚ್ಚಳದ ಡ್ರಮ್ಮಿನಲ್ಲಿರಲಿ, ಬಕೆಟ್ಟು ಖಾಲಿ ಮಾಡಿ ಬೋರಲು ಹಾಕಿ, ಬಚ್ಚಲ ಬಾಗಿಲಿಗೆ ಹೊರಗಿಂದ ಮೇಲ್ಗಡೆ ಒಂದು ಚಿಲಕ ಹಾಕಿ.

ತುಮಕೂರು: ಬೀರುವಿನ ಬಗ್ಗೆಯೂ ಹೇಳಿ. ಮಗ ಕೆಳಗಿನ ಡ್ರಾಯರ್ ಎಳೆದು ಅದರ ಮೇಲೆ ನಿಲ್ತಾನೆ.

ಕುಣಿಗಲ್: ಅಯ್ಯೋ, ಅದನ್ನ ಇವತ್ತೇ ಗೋಡೆಗೆ ಕಟ್ಟಬೇಕು. ನೀವು ಆಗಲೇ ಹೇಳಿದ ಐಕಿಯಾನೇ 2016ರಲ್ಲಿ ಅಮೆರಿಕದಲ್ಲಿ 2.9 ಕೋಟಿ ಡ್ರಾಯರ್ ಬೀರುಗಳನ್ನ ವಾಪಸ್ ಕರೆಸಿಕೊಂಡಿತು. ಗೋಡೆಗೆ ಬಿಗಿಯದೆ ಇದ್ದಂಥವು ಪುಟ್ಟ ಮಕ್ಕಳ ಮೇಲೆ ಉರುಳಿ ಜೀವ ಹೋಗಿತ್ತು. ಹೊಸದಾಗಲಿ ಹಳೇದಾಗಲಿ, ಯಾರು ಮಾಡಿದ್ದೇ ಆಗಲಿ, ಎತ್ತರದ ಬೀರು ತೆರೆದ ಡ್ರಾಯರಿನ ಮೇಲೆ ಭಾರ ಬಿದ್ದರೆ ಮುಂದಕ್ಕೆ ವಾಲುತ್ತೆ. ಹಿಂಭಾಗದಲ್ಲಿ ಎರಡು ಎಲ್ ಆಂಗಲ್ಲು, ಗೋಡೆಗೆ ಎರಡು ಸ್ಕ್ರೂ. ಓನರ್ ಹತ್ತಿರ ನೇರ ಹೋಗಿ ಹೇಳಿ: ಅಂದಕ್ಕೆ ಒಂದು ಮೊಳೇನೂ ಹೊಡೆಯಲ್ಲ, ಮಗುವಿನ ಜೀವಕ್ಕೆ ಎರಡು ತೂತು ಬೇಕು, ಮನೆ ಬಿಡುವಾಗ ಪುಟ್ಟಿ ಹಾಕಿ ಬಣ್ಣ ಹಚ್ಚಿಕೊಡ್ತೀವಿ. ಟೀವಿಗೂ ಇದೇ ಮಾತು. ಇನ್ನು ಕಡಪ ಕಲ್ಲಿನ ಅಂಚು, ಅದು ನಿಮ್ಮ ಮಗನ ಕಣ್ಣಿನ ಎತ್ತರದಿಂದ ಕಾಣುತ್ತೆ ಅಂದ್ರಿ. ಗಿಡಕ್ಕೆ ನೀರು ಹಾಕೋ ಹಳೇ ಪೈಪನ್ನ ಉದ್ದಕ್ಕೆ ಸೀಳಿ ಆ ಅಂಚಿಗೆ ಸಿಕ್ಕಿಸಿ. ಕಲ್ಲನ್ನ ಕಚ್ಚಿಕೊಂಡು ಕೂರುತ್ತೆ, ಅಂಟೂ ಬೇಡ.

ತುಮಕೂರು: ಇಷ್ಟೆಲ್ಲಾ ಮಾಡಿದ ಮೇಲೆ ನನ್ನ ಮನೆ ನೋಡೋಕೆ ಹೇಗಿರುತ್ತೆ? ಹಣ್ಣಿನ ಪೆಟ್ಟಿಗೆ, ಸೀಳಿದ ಪೈಪು, ಸ್ಟೀಲ್ ತಟ್ಟೆ. ನೆಂಟರು ಬಂದರೆ ಏನೂ ಇಲ್ಲದವರ ಮನೆ ಅಂದ್ಕೋತಾರೆ. ನನಗೂ ಚೆಂದದ ಮನೆ ಬೇಕು, ಟೀಚರ್. ಮಕ್ಕಳಿದಾರೆ ಅಂತ ನನ್ನ ಆಸೆ ಎಲ್ಲಾ ಬಿಟ್ಟುಬಿಡಬೇಕಾ?

ಗುಬ್ಬಿ: ಬಿಡಬಾರದು. ನಾನು ಇಷ್ಟು ಹೊತ್ತು ಅನುಕೂಲದ ಮಾತನ್ನೇ ಆಡಿದೆ, ನೀನು ಕೇಳಿದ್ದು ನ್ಯಾಯವಾಗಿದೆ. ಚೆಂದ ನೋಡೋ ಹಕ್ಕು ನಿನಗೂ ಇದೆ, ಮಕ್ಕಳಿಗೂ ಇದೆ. ನಮ್ಮೂರಿನ ನಾಟಕ ಕಂಪನಿ ನೆನಪಿಸ್ಕೊ. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ 1884ರಲ್ಲಿ ಹುಟ್ಟಿತು, ವೀರಣ್ಣನವರ ಕಾಲಕ್ಕೆ ನಾಡಿನಲ್ಲೇ ಹೆಸರಾಯ್ತು. ಅದೇ ರಂಗ, ಅದೇ ಹಲಗೆ. ಪರದೆ ಬದಲಾದರೆ ಅರಮನೆ, ಮತ್ತೊಂದು ಇಳಿದರೆ ಕಾಡು. ನಿನ್ನ ಮನೆಗೂ ಬಟ್ಟೆಯೇ ಅಗ್ಗದ ಅಲಂಕಾರ. ನಿನ್ನ ಹತ್ತಿರ ಹಳೇ ಕಾಟನ್ ಸೀರೆ ಎಷ್ಟಿವೆ?

ತುಮಕೂರು: ಅಮ್ಮನದೂ ಸೇರಿದರೆ ಬೇಕಾದಷ್ಟಿವೆ.

ಗುಬ್ಬಿ: ಒಂದೇ ಬಣ್ಣದ ಕುಟುಂಬಕ್ಕೆ ಸೇರಿದ ಮೂರು ಆರಿಸ್ಕೊ. ಅರಿಶಿನ, ಇಟ್ಟಿಗೆ, ಕಂದು, ಹೀಗೆ. ಕಡಪ ಕಲ್ಲಿನ ತೆರೆದ ಶೆಲ್ಫಿಗೆ ಅದೇ ಪರದೆ, ದಿಂಬಿಗೆ ಅದೇ ಕವರು, ಟ್ರಂಕಿನ ಮೇಲೆ ಹಾಸಿಗೆ ಹಾಕಿ ದಿವಾನ ಮಾಡಿದರೆ ಅದಕ್ಕೂ ಅದೇ ಹೊದಿಕೆ. ಸೀರೆಯ ಅಂಚು ಪರದೆಯ ಕೆಳಗೆ ಬರೋ ಹಾಗೆ ಹೊಲಿ. ಮನೆಯೆಲ್ಲಾ ಒಂದೇ ಮಾತಾಡಿದ ಹಾಗೆ ಕಾಣುತ್ತೆ. ಹಣ್ಣಿನ ಪೆಟ್ಟಿಗೆಯ ಒಳಮೈಗೆ ಆ ಬಣ್ಣದಲ್ಲೇ ಒಂದನ್ನ ಬಳಿ, ಹೊರಮೈ ಮರದ ಬಣ್ಣವೇ ಇರಲಿ. ಆಮೇಲೆ ಯಾರೂ ಅದನ್ನ ಹಣ್ಣಿನ ಪೆಟ್ಟಿಗೆ ಅನ್ನಲ್ಲ.

ಕುಣಿಗಲ್: ಪರದೆಗೆ ಉದ್ದ ದಾರ ನೇತಾಡಬಾರದು, ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳುತ್ತೆ. ಎರಡು ಗೋಡೆಯ ಮಧ್ಯೆ ಸ್ಪ್ರಿಂಗಿನ ಒತ್ತಡದಲ್ಲಿ ನಿಲ್ಲೋ ರಾಡ್ ಸಿಗುತ್ತೆ, ಮೊಳೆ ಬೇಡ, ಅದಕ್ಕೇ ಪೋಣಿಸಿ.

ತುಮಕೂರು: ಗೋಡೆ ಮೇಲೆ ಮಗಳು ಬರೆದಿರೋದು? ಅಡ್ವಾನ್ಸಿನಲ್ಲಿ ಹಿಡ್ಕೋತಾರೆ ಅಂತ ಅವಳ ಮೇಲೆ ಕೂಗಾಡೋದೇ ಆಗಿದೆ.

ಗುಬ್ಬಿ: ಅವಳಿಗೆ ಬರೆಯೋ ಗೋಡೆ ಕೊಡು. ಹಾರ್ಡ್‌ಬೋರ್ಡಿನ ಒಂದು ಹಾಳೆಗೆ ಬ್ಲಾಕ್‌ಬೋರ್ಡ್ ಬಣ್ಣ ಬಳಿದು ನೆಲಕ್ಕೆ ತಾಗಿಸಿ ನಿಲ್ಲಿಸಿದರೆ ಗೋಡೆ ಹಲಗೆಯಾಯ್ತು. ಕಿಟಕಿ ಸರಳಿನಿಂದ ಸರಳಿಗೆ ತೆಂಗಿನ ನಾರಿನ ಹುರಿ ಕಟ್ಟಿ ಅವಳ ಚಿತ್ರಗಳನ್ನ ಕ್ಲಿಪ್ ಹಾಕು. ಹುರಿ ದೊಡ್ಡವರ ತಲೆ ಎತ್ತರದಲ್ಲಿರಲಿ, ತಮ್ಮನ ಕೈಗೆ ಬೇಡ. ನೆಂಟರು ಬಂದಾಗ ಅವರು ಮೊದಲು ನೋಡೋದು ಅದನ್ನೇ. ದಸರಾಕ್ಕೆ ಗೊಂಬೆ ಕೂರಿಸೋ ಮೆಟ್ಟಿಲಿದ್ದರೆ ಕೆಳಗಿನ ಎರಡು ಮೆಟ್ಟಿಲನ್ನ ವರ್ಷಪೂರ್ತಿ ಪುಸ್ತಕಕ್ಕೆ ಬಳಸು.

ಕುಣಿಗಲ್: ಈಗ ದುಡ್ಡಿನ ಲೆಕ್ಕ ಮಾಡೋಣ. ಮೊದಲ ಸಾವಿರ ಜೀವದ ಕೆಲಸಕ್ಕೆ: ಆಂಗಲ್ಲು, ಚಿಲಕ, ಸ್ವಿಚ್ ಪ್ಲಗ್ಗಿನ ಮುಚ್ಚಳ, ಡ್ರಮ್ಮಿನ ಮುಚ್ಚಳ. ಸಾವಿರದ ಐನೂರು ಪೆಟ್ಟಿಗೆ, ಉಪ್ಪು ಕಾಗದ, ಬಣ್ಣಕ್ಕೆ. ಎಂಟುನೂರು ಬರೆಯೋ ಹಲಗೆಗೆ. ಐನೂರು ರಾಡು, ಹುರಿ, ಹೊಲಿಗೆಗೆ. ಒಟ್ಟು ಮೂರು ಸಾವಿರದ ಎಂಟುನೂರು.

ತುಮಕೂರು: ಉಳಿದ ಸಾವಿರದ ಇನ್ನೂರು?

ಕುಣಿಗಲ್: ಮೂರು ತಿಂಗಳು ಮುಟ್ಟಬೇಡಿ. ಮನೆ ಹೀಗೆ ಜೋಡಿಸಿ ಬದುಕಿ ನೋಡಿದ ಮೇಲೆ ನಿಜವಾಗಿ ಏನು ಕೊರತೆ ಅಂತ ಗೊತ್ತಾಗುತ್ತೆ. ಆಗ ಕೊಂಡ ಸಾಮಾನು ಮೂಲೆ ಸೇರಲ್ಲ.

ತುಮಕೂರು: ಇನ್ನೊಂದು ಮಾತು, ನಿಮ್ಮಿಬ್ಬರಿಗೂ ಹೇಳಬೇಕು ಅನ್ನಿಸ್ತು. ಎಟುಕೋ ಮಾತು ಬರೀ ಮಕ್ಕಳಿಗಲ್ಲ. ನಮ್ಮೆಜಮಾನ್ರು ವಸಂತನರಸಾಪುರದಲ್ಲಿ ಶಿಫ್ಟ್ ಕೆಲಸ ಮುಗಿಸಿ ಬರ್ತಾರೆ. ಮಗನ ಚಡ್ಡಿ ಎಲ್ಲಿದೆ, ಔಷಧಿ ಎಲ್ಲಿದೆ ಅಂತ ಅವರಿಗೂ ಗೊತ್ತಿಲ್ಲ, ಯಾಕಂದ್ರೆ ಎಲ್ಲಾ ನನ್ನ ತಲೇಲಿದೆ. ಗೂಡಿಗೆ ಚಿತ್ರ ಅಂಟಿಸಿದ ಮೇಲೆ ಬೀರುವಿನ ಅರೆಗಳಿಗೂ ಚೀಟಿ ಅಂಟಿಸ್ತೀನಿ. ಎಲ್ಲಿದೆ ಅಂತ ಕೇಳೋ ಕಾರಣ ಅವರಿಗೂ ಇರಬಾರದು.

ಗುಬ್ಬಿ: ನಾನು ಹೇಳದೆ ಬಿಟ್ಟಿದ್ದನ್ನ ನೀನೇ ಹೇಳಿದೆ. ಮನೆ ಅಚ್ಚುಕಟ್ಟಾಗಿರೋದು ಒಬ್ಬರ ನೆನಪಿನ ಮೇಲೆ, ಒಬ್ಬರ ಸೊಂಟದ ಮೇಲೆ ನಿಲ್ಲಬಾರದು. ಸಂಜೆ ಊಟಕ್ಕೆ ಮುಂಚೆ ಹತ್ತು ನಿಮಿಷ ಇಡೀ ಮನೆ ಎತ್ತಿಡೋ ಹೊತ್ತು ಅಂತ ಗೊತ್ತು ಮಾಡು. ಎರಡು ವರ್ಷದವನು ತನ್ನ ಗೂಡಿಗೆ ಎರಡು ಕಾರು ಇಟ್ಟರೂ ಅವನ ಪಾಲು ಮುಗೀತು.

ಕುಣಿಗಲ್: ಚಿಲಕ, ಗೂಡುಗಳ ಎತ್ತರವನ್ನ ಒಂದೇ ಸಲಕ್ಕೆ ಗೊತ್ತು ಮಾಡಿ ಬಿಟ್ಟುಬಿಡಬೇಡಿ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಆರೆಂಟು ಸೆಂಟಿಮೀಟರ್ ಬೆಳೀತಾರೆ. ಇವತ್ತು ಕೈಗೆ ಸಿಗದ ಚಿಲಕ ಮುಂದಿನ ವರ್ಷ ಸಿಗುತ್ತೆ, ಇವತ್ತು ಬೇಕಾದ ಗೂಡು ಆಮೇಲೆ ಗಿಡ್ಡವಾಗುತ್ತೆ. ಯುಗಾದಿಗೆ ಮನೆ ತೊಳೆಯುವಾಗ ಮಕ್ಕಳನ್ನ ಗೋಡೆಗೆ ನಿಲ್ಲಿಸಿ, ಕೈ ಮೇಲೆತ್ತಿಸಿ ಅಳೀರಿ. ಅಪಾಯದ ಸಾಮಾನನ್ನ ಆ ಗುರುತಿನಿಂದ ಇನ್ನೂ ಒಂದೂವರೆ ಅಡಿ ಮೇಲಕ್ಕೆ ಏರಿಸಿ, ಮಕ್ಕಳು ಸ್ಟೂಲು ಎಳ್ಕೊಂಡು ಬರ್ತಾರೆ.

ಗುಬ್ಬಿ: ಅಪಾಯದ್ದನ್ನ ಮೇಲೇರಿಸಿದ ದಿನವೇ ಮಗಳಿಗೆ ಹೊಸದೊಂದು ಸಾಮಾನನ್ನ ಕೆಳಗಿಳಿಸು. ಈ ಯುಗಾದಿಗೆ ಅವಳ ಬಟ್ಟೆಯ ಅರೆ, ಬರೋ ಯುಗಾದಿಗೆ ಊಟದ ತಟ್ಟೆ ಲೋಟ. ಹೀಗೆ ವರ್ಷಕ್ಕೊಂದು ಕೆಲಸ ಅವರ ಕೈಗೆ ಬಂದರೆ ನಿನ್ನ ಐದು ಸಾವಿರ ಸಾರ್ಥಕವಾಯ್ತು.